ಮಕ್ಕಳು ಕೂಡಿ ಮಾಡುವ ಲೆಕ್ಕ, ಮನೆಯವರಿಗೂ ಬೇಕಾದ ಲೆಕ್ಕ



ಸುಗ್ಗಿ ಮುಗಿದು ಕಣ ಬರಿದಾಗುವ ಹೊತ್ತಿಗೆ ನಿಮ್ಮ ಮಕ್ಕಳ ಸುಗ್ಗಿ ಮೊದಲಾಗುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆ ಸಮೀಪಿಸಿದಾಗ ನಾಲ್ಕಾರು ಮಕ್ಕಳು ಶಾಲೆಯ ಜಗಲಿಯಲ್ಲೋ ಯಾರದಾದರೂ ಮನೆಯ ಪಡಸಾಲೆಯಲ್ಲೋ ಕೂಡಿ ಕುಳಿತು ನಾಣ್ಯ ಚಿಮ್ಮುತ್ತ, ಹುಣಸೆಬೀಜ ಎಸೆಯುತ್ತ ವಾದ ಮಾಡುವುದನ್ನು ನೀವು ಕಾಣಬಹುದು. "ಓದುವುದು ಬಿಟ್ಟು ಆಡುತ್ತಿದ್ದಾರೆ" ಎಂದು ಕೂಡಲೆ ಗದರಿಸಬೇಡಿ. ಅವರು ಮಾಡುತ್ತಿರುವುದು ಹತ್ತನೆಯ ತರಗತಿಯ ಗಣಿತದ ಎರಡು ಮುಖ್ಯ ಪಾಠಗಳನ್ನು. ಒಂದು ಸಂಖ್ಯಾಶಾಸ್ತ್ರ, ಇನ್ನೊಂದು ಸಂಭವನೀಯತೆ. ಈ ಲೆಕ್ಕಗಳು ಮಕ್ಕಳ ಅಂಕಪಟ್ಟಿಗೆ ಎಷ್ಟು ಬೇಕೋ ನಿಮ್ಮ ಹೊಲಕ್ಕೂ ಅಷ್ಟೇ ಬೇಕು.

ಒಂದು ಲೆಕ್ಕ, ಎರಡು ಉತ್ತರ

ಚೌಕಾಬಾರ ನಿಮಗೆಲ್ಲ ಗೊತ್ತಿರುವ ಆಟ. ನಾಲ್ಕು ಹುಣಸೆಬೀಜದ ಹೋಳುಗಳನ್ನು ಎಸೆದಾಗ ನಾಲ್ಕೂ ಬಿಳಿಯಾಗಿ ಬಿದ್ದರೆ ಚೌಕ, ನಾಲ್ಕೂ ಕಪ್ಪಾಗಿ ಬಿದ್ದರೆ ಬಾರ. ಬಾರ ಬೀಳುವ ಸಂಭವ ಎಷ್ಟು?

ಒಬ್ಬ ಹುಡುಗ ಹೀಗೆ ಹೇಳುತ್ತಾನೆ: "ಬಿಳಿ ಬೀಳುವುದು ಸೊನ್ನೆ, ಒಂದು, ಎರಡು, ಮೂರು ಅಥವಾ ನಾಲ್ಕು. ಐದು ಬಗೆ ಇರುವುದರಿಂದ ಉತ್ತರ ಐದರಲ್ಲಿ ಒಂದು." ಕೇಳಲು ಸರಿಯಾಗಿಯೇ ಇದೆ. ಪಕ್ಕದ ಹುಡುಗಿ ಒಪ್ಪುವುದಿಲ್ಲ. ಒಂದೊಂದು ಹೋಳೂ ಎರಡು ಬಗೆಯಲ್ಲಿ ಬೀಳಬಹುದು. ನಾಲ್ಕು ಹೋಳು ಸೇರಿದರೆ 2×2×2×2, ಅಂದರೆ 16 ಬಗೆ. ಅವಳು ಹದಿನಾರನ್ನೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸುತ್ತಾಳೆ. ಎಲ್ಲವೂ ಕಪ್ಪಾಗಿರುವುದು ಅದರಲ್ಲಿ ಒಂದೇ ಒಂದು. ಎರಡು ಬಿಳಿ, ಎರಡು ಕಪ್ಪು ಇರುವುದು ಆರು. ಆದ್ದರಿಂದ ಬಾರದ ಸಂಭವ 16ರಲ್ಲಿ 1.

ಮೂರನೆಯವನು ಇನ್ನೂ ಒಂದು ಮಾತು ಕೇಳುತ್ತಾನೆ: "ಬೀಜವನ್ನು ಸಮನಾಗಿ ತೇಯದಿದ್ದರೆ?" ಇದು ಬಲು ಒಳ್ಳೆಯ ಪ್ರಶ್ನೆ. ಎರಡು ಮಗ್ಗುಲೂ ಸಮನಾಗಿ ಬೀಳುವಂತಿದ್ದರೆ ಮಾತ್ರ ಮೇಲಿನ ಲೆಕ್ಕ ಸರಿ. ಅನುಮಾನವಿದ್ದರೆ ಎಸೆದು ನೋಡಿ ಬರೆದಿಡಬೇಕು. ಸಮನಾದ ಬೀಜವನ್ನು 160 ಸಲ ಎಸೆದರೆ ಬಾರ ಸುಮಾರು 10 ಸಲ ಬಿದ್ದೀತು. ಸರಿಯಾಗಿ ಹತ್ತೇ ಬೀಳಬೇಕೆಂಬ ನಿಯಮವಿಲ್ಲ.

ಮೊದಲು ತಪ್ಪು ಹೇಳಿದ ಹುಡುಗ ದಡ್ಡನಲ್ಲ. ಫ್ರಾನ್ಸಿನ ದೊಡ್ಡ ಗಣಿತಜ್ಞ ದಲಂಬೇರ್ 1754ರಲ್ಲಿ ಎರಡು ನಾಣ್ಯದ ಲೆಕ್ಕದಲ್ಲಿ ಇಂಥದೇ ತಪ್ಪು ಮಾಡಿ, ನಾಲ್ಕರಲ್ಲಿ ಮೂರು ಎನ್ನಬೇಕಾದಲ್ಲಿ ಮೂರರಲ್ಲಿ ಎರಡು ಎಂದು ಬರೆದಿದ್ದರು. ಈ ಶಾಸ್ತ್ರವು ನೆಲೆಗೊಂಡದ್ದೇ ಇಬ್ಬರು ಕೂಡಿ ಲೆಕ್ಕ ಮಾಡಿದ್ದರಿಂದ. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ ಎಂಬಿಬ್ಬರು ವಿದ್ವಾಂಸರು, ಅರ್ಧಕ್ಕೆ ನಿಂತ ಆಟದ ಪಣವನ್ನು ನ್ಯಾಯವಾಗಿ ಹಂಚುವುದು ಹೇಗೆಂದು ಪರಸ್ಪರ ಕಾಗದ ಬರೆದುಕೊಂಡು ದಾರಿ ಕಂಡುಹಿಡಿದರು.

ಹೊಲಕ್ಕೆ ಬಂದ ಲೆಕ್ಕ

ಈಗ ನಿಮ್ಮ ವಿಷಯಕ್ಕೆ ಬರೋಣ. "ಎರಡು ಕೊಳವೆಬಾವಿ ಬತ್ತಿಹೋಯಿತು, ಮೂರನೆಯದರಲ್ಲಿ ನೀರು ಬಂದೇ ಬರುತ್ತದೆ" ಎಂದು ಸಾಲ ಎತ್ತುವವರು ಹಳ್ಳಿಹಳ್ಳಿಯಲ್ಲೂ ಉಂಟು. ನಾಣ್ಯ ಮೂರು ಸಲ ರಾಜನ ಮುಖವಾಗಿ ಬಿದ್ದರೆ ನಾಲ್ಕನೆಯ ಸಲ ಹಿಂಬದಿ ಬೀಳಲೇಬೇಕೇ? ಇಲ್ಲ. ಹಿಂದೆ ಏನು ಬಿದ್ದಿತೆಂಬುದು ನಾಣ್ಯಕ್ಕೆ ನೆನಪಿರುವುದಿಲ್ಲ. ಇದು ಮಕ್ಕಳ ಪಾಠದ ಮೊದಲ ಮಾತು.

ನಿಮ್ಮ ಕಡೆ ಮೂರು ಬಾವಿಗಳಲ್ಲಿ ಒಂದಕ್ಕೆ ನೀರು ಬರುತ್ತದೆಂದು ಇಟ್ಟುಕೊಳ್ಳಿ. ಹಾಗಾದರೆ ಮೂರು ಕೊರೆಸಿದರೆ ಒಂದಕ್ಕಂತೂ ಖಂಡಿತ ಎನ್ನಬಹುದೇ? ಒಂದು ಬಾವಿ ಬತ್ತುವ ಸಂಭವ ಮೂರರಲ್ಲಿ ಎರಡು. ಒಂದರ ಫಲ ಇನ್ನೊಂದನ್ನು ಮುಟ್ಟದಿದ್ದರೆ, ಮೂರೂ ಬತ್ತುವ ಸಂಭವ 27ರಲ್ಲಿ 8. ಅಂದರೆ ಹತ್ತು ಮನೆಗಳಲ್ಲಿ ಹೆಚ್ಚುಕಡಮೆ ಮೂರು ಮನೆಗೆ ಮೂರು ಬಾವಿಯ ಸಾಲ ಉಳಿದು, ನೀರು ಇಲ್ಲ. ನಿಜದಲ್ಲಿ ಭೂಮಿ ನಾಣ್ಯದಂತೆಯೂ ಅಲ್ಲ. ಒಂದೇ ಹೊಲದ ಅಡಿಯ ಬಂಡೆ ಒಂದೇ ಆಗಿರುವುದರಿಂದ, ಎರಡು ಬಾವಿ ಬತ್ತಿದ್ದರೆ ಮೂರನೆಯದರ ಮೇಲೆ ಆಸೆ ಕಡಮೆಯಾಗಬೇಕೇ ಹೊರತು ಹೆಚ್ಚಬಾರದು. ಸಾಲದ ಕಾಗದಕ್ಕೆ ಸಹಿ ಹಾಕುವ ಮುಂಚೆ ಭೂವಿಜ್ಞಾನಿಗಳ ಸಲಹೆ ಪಡೆಯಿರಿ. ಮಗಳನ್ನು ಕರೆದು ಈ ಲೆಕ್ಕವನ್ನೂ ಮಾಡಿಸಿ ನೋಡಿ.

ಸರಾಸರಿಯ ಪಾಠವೂ ಅಷ್ಟೇ ಮುಖ್ಯ. ಐದು ಮನೆಯವರಿಗೆ ಎಕರೆಗೆ 5, 6, 7, 8 ಮತ್ತು 19 ಕ್ವಿಂಟಲ್ ರಾಗಿ ಬಂದಿತೆನ್ನಿ. ಕೊನೆಯದು ನೀರಾವರಿ ಹೊಲ. ಒಟ್ಟು 45, ಸರಾಸರಿ 9. ಆದರೆ ಐವರಲ್ಲಿ ನಾಲ್ವರಿಗೆ 9 ಬಂದೇ ಇಲ್ಲ! ಸಾಲಾಗಿ ಇಟ್ಟರೆ ನಡುವೆ ನಿಲ್ಲುವ 7, ಅಂದರೆ ಮಧ್ಯಾಂಕ, ಊರಿನ ಸ್ಥಿತಿಯನ್ನು ಹೆಚ್ಚು ಚೆನ್ನಾಗಿ ಹೇಳುತ್ತದೆ. ಯಾರಾದರೂ "ಸರಾಸರಿ ಇಷ್ಟು" ಎಂದಾಗ "ಯಾವ ಯಾವ ಹೊಲ ಸೇರಿಸಿದಿರಿ?" ಎಂದು ಕೇಳುವ ಧೈರ್ಯ ಈ ಪಾಠದಿಂದ ಬರುತ್ತದೆ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟದ ಪರಿಹಾರ ಮುಖ್ಯವಾಗಿ ನಿಂತಿರುವುದು ಬೆಳೆ ಕಟಾವು ಪ್ರಯೋಗದಿಂದ ಬರುವ ಸರಾಸರಿಯ ಮೇಲೆ. ಆ ಹೊಲಗಳನ್ನು ಚೀಟಿ ಎತ್ತಿದಂತೆ, ಯಾರ ಇಷ್ಟಕ್ಕೂ ಬಿಡದೆ ಆರಿಸಬೇಕು. ಒಳ್ಳೆಯ ಹೊಲವನ್ನೇ ಆರಿಸಿದರೆ ನಷ್ಟ ಮರೆಯಾಗುತ್ತದೆ. ಕೆಟ್ಟದ್ದನ್ನೇ ಆರಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಇಂಥ ಮಾದರಿ ಸಮೀಕ್ಷೆಗೆ ನಮ್ಮ ದೇಶದಲ್ಲಿ ಅಡಿಪಾಯ ಹಾಕಿದವರಲ್ಲಿ ಪಿ.ಸಿ. ಮಹಲನೋಬಿಸ್ ಪ್ರಮುಖರು. ಅವರು 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಸ್ಥಾಪಿಸಿದರು. ಅವರ ಜನ್ಮದಿನವಾದ ಜೂನ್ 29ನ್ನು ರಾಷ್ಟ್ರೀಯ ಸಾಂಖ್ಯಿಕ ದಿನವೆಂದು ಆಚರಿಸಲಾಗುತ್ತದೆ.

ಕೂಡಿ ಓದುವ ಕ್ರಮ

ಕೂಡಿ ಓದುವುದು ಎಂದರೆ ಒಬ್ಬರದು ನೋಡಿ ಇನ್ನೊಬ್ಬರು ಬರೆಯುವುದಲ್ಲ. ಮಕ್ಕಳು ಈ ಕ್ರಮ ಅನುಸರಿಸಿದರೆ ಪ್ರಯೋಜನ ಹೆಚ್ಚು:

1. ಗುಂಪಿನಲ್ಲಿ ಮೂರರಿಂದ ಐದು ಮಂದಿ ಇರಲಿ. ಜಾಸ್ತಿಯಾದರೆ ಹರಟೆಯಾಗುತ್ತದೆ.
2. ಮೊದಲು ಪ್ರತಿಯೊಬ್ಬರೂ ಲೆಕ್ಕವನ್ನು ತಾವೇ ಮಾಡಲಿ. ಆಮೇಲೆ ಉತ್ತರ ಹೋಲಿಸಲಿ.
3. ಉತ್ತರ ಬೇರೆಯಾದರೆ, ಯಾವ ಹೆಜ್ಜೆಯಲ್ಲಿ ದಾರಿ ಬೇರೆಯಾಯಿತೆಂದು ಹುಡುಕಲಿ.
4. ಸಂಭವನೀಯತೆಯ ಲೆಕ್ಕದಲ್ಲಿ ಎಲ್ಲ ಬಗೆಗಳನ್ನೂ ಬರೆದು ಎಣಿಸಲಿ. ಉತ್ತರ ಸೊನ್ನೆಗಿಂತ ಕಡಮೆ, ಒಂದಕ್ಕಿಂತ ಹೆಚ್ಚು ಬಂದರೆ ಅದು ತಪ್ಪು.
5. ಹೇಳಿಸಿಕೊಂಡವನು ಮರುದಿನ ಪುಸ್ತಕ ಮುಚ್ಚಿ ಅದೇ ಲೆಕ್ಕವನ್ನು ಮಾಡಿ ತೋರಿಸಲಿ.
6. ಎಲ್ಲರಿಗೂ ಬಗೆಹರಿಯದ್ದನ್ನು ಗುರುತು ಹಾಕಿಟ್ಟು ಮೇಷ್ಟ್ರನ್ನು ಕೇಳಲಿ.

"ನನ್ನ ಮಗ ಜಾಣ, ಬೇರೆಯವರಿಗೆ ಹೇಳಿಕೊಡುತ್ತ ಹೊತ್ತು ಕಳೆಯುತ್ತಾನೆ" ಎಂಬ ಚಿಂತೆ ಬೇಡ. ಬೇರೆಯವರಿಗೆ ತಿಳಿಯುವಂತೆ ಹೇಳಬೇಕಾದರೆ ತನಗೆ ಎಲ್ಲಿ ಗೊತ್ತಿಲ್ಲವೆಂಬುದು ಮೊದಲು ತನಗೇ ಗೊತ್ತಾಗುತ್ತದೆ. ಮುಯ್ಯಾಳು ಕರೆದುಕೊಂಡು ನಾಟಿ ಮಾಡುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೀವು ಮಾಡಬೇಕಾದದ್ದು ಸ್ವಲ್ಪ. ಕೂರಲು ಜಾಗ, ಒಂದು ದೀಪ, ಕೆಲಸದಿಂದ ಎರಡು ಗಂಟೆ ಬಿಡುವು ಕೊಡಿ. ಹೆಣ್ಣುಮಕ್ಕಳಿಗೂ ಅಷ್ಟೇ ಬಿಡುವು ಸಿಗಲಿ. ಕತ್ತಲಾದ ಮೇಲೆ ಮನೆ ಮುಟ್ಟಿಸುವ ಜವಾಬ್ದಾರಿಯನ್ನು ಹಿರಿಯರು ಸರದಿಯಲ್ಲಿ ಹೊರಲಿ. ಹಿಂದುಳಿದ ಮಗುವನ್ನು ಗುಂಪಿನಿಂದ ದೂರವಿಡಬೇಡಿ. ವಾರಕ್ಕೊಮ್ಮೆ ನೀವೂ ಪಕ್ಕದಲ್ಲಿ ಕುಳಿತು, ಈ ಸಲ ಬಿತ್ತನೆಗೆ ಇಟ್ಟ ಬೀಜದಲ್ಲಿ ನೂರು ಎಣಿಸಿ ಕೊಟ್ಟು, ಎಷ್ಟು ಮೊಳೆಯುತ್ತವೆಂದು ಲೆಕ್ಕ ಹಾಕಿಸಿ. ಮಕ್ಕಳಿಗೆ ಪಾಠ ಮನದಟ್ಟಾಗುತ್ತದೆ, ನಿಮಗೆ ಬಿತ್ತುವ ಮೊದಲೇ ಬೀಜದ ಗುಣ ತಿಳಿಯುತ್ತದೆ.