ರೈಲಿಗಿಂತ ಊರೇ ದೊಡ್ಡದು

ಆಸ್ಟ್ರೇಲಿಯಾದಲ್ಲಿ ಹುಟ್ಟಿದ ರಾಯ್ ಇಂಗ್ಲೆಂಡ್ 1925ರಲ್ಲಿ, ಇನ್ನೂ ಹುಡುಗತನ ಬಿಡದ ವಯಸ್ಸಿನಲ್ಲಿ, ತನ್ನ ಹೆಸರಿನ ದೇಶಕ್ಕೇ ಬಂದಿಳಿದ. ಸ್ವಿಂಡನ್ ಹತ್ತಿರದ ಹಳ್ಳಿಯಲ್ಲಿ ನೆಲೆಸಿದ ಅವನಿಗೆ ಗ್ರೇಟ್ ವೆಸ್ಟರ್ನ್ ರೈಲ್ವೆಯ ಹುಚ್ಚು. ಆದರೆ ವೈಟ್ ಹಾರ್ಸ್ ಕಣಿವೆಯ ಹಳ್ಳಿಗಳಲ್ಲಿ ಸುತ್ತಾಡುವಾಗ ಅವನ ಕಣ್ಣಿಗೆ ಬಿದ್ದದ್ದು ಬೇರೆಯೇ: ಹುಲ್ಲಿನ ಸೂರಿನ ಹಳೇ ಮನೆಗಳು ಒಂದೊಂದಾಗಿ ರೂಪ ಕಳೆದುಕೊಳ್ಳುತ್ತಿದ್ದವು. ಅವು ಪೂರ್ತಿ ಮಾಯವಾಗುವ ಮುನ್ನ ಪುಟ್ಟ ಮಾದರಿಗಳಲ್ಲಾದರೂ ಉಳಿಸಬೇಕೆಂದು ಹೊರಟ.

ಆ ಹಟದ ಫಲವೇ ಆಕ್ಸ್‌ಫರ್ಡ್‌ಶೈರಿನ ಲಾಂಗ್ ವಿಟೆನ್‌ಹ್ಯಾಮಿನಲ್ಲಿ 1954ರಲ್ಲಿ ನೆಲೆಗೊಂಡ ಪೆಂಡನ್ ವಸ್ತುಸಂಗ್ರಹಾಲಯ.

ಮಾದರಿ ರೈಲು ಕಟ್ಟುವವರ ಮೊದಲ ತಲೆನೋವು ಯಾವ ಜಾಗ, ಯಾವ ವರ್ಷ ಎಂಬುದು. ಪೆಂಡನ್ನಿನ ಅಳತೆಯಲ್ಲಿ ಒಂದು ಅಡಿ ಎಂದರೆ 4 ಮಿಲಿಮೀಟರ್. ಆರಡಿ ಆಳು 24 ಮಿಲಿಮೀಟರ್ ಆಗುತ್ತಾನೆ. ಒಂದು ಮೈಲಿ ಹಳಿಗೋ ಇಪ್ಪತ್ತು ಮೀಟರಿಗೂ ಹೆಚ್ಚು ಜಾಗ ಬೇಕು. ಇದ್ದ ಊರನ್ನು ಇದ್ದಂತೆ ಇಳಿಸುತ್ತ ಹೋದರೆ ಕೋಣೆ ಸಾಲದು. ರಾಯ್ ಕಂಡುಕೊಂಡ ದಾರಿ ಜಾಣತನದ್ದು: ಊರು ಕಲ್ಪನೆಯದು, ಹೆಸರು ಪೆಂಡನ್ ಪಾರ್ವಾ; ಮನೆಗಳು ಮಾತ್ರ ಕಣಿವೆಯ ಬೇರೆಬೇರೆ ಹಳ್ಳಿಗಳಲ್ಲಿ ನಿಜವಾಗಿ ಇದ್ದವು. ಕಾಲ 1920–30ರ ದಶಕ. ನಿಜದ ಒಂದೇ ನಿಲ್ದಾಣವನ್ನು ಹಿಡಿದು ಕೂತಿದ್ದರೆ ಇಷ್ಟು ಮನೆಗಳು ಉಳಿಯುತ್ತಿರಲಿಲ್ಲ ಎಂದೇ ನನಗನಿಸುತ್ತದೆ.

ಗೋಡೆಗಳು ರಟ್ಟಿನವು. ಅದರ ಮೇಲೆ ಒಂದೊಂದು ಇಟ್ಟಿಗೆಯನ್ನೂ ಕೊರೆದು, ಜಲವರ್ಣದಲ್ಲಿ ಬೇರೆಬೇರೆ ಛಾಯೆ ಕೊಡುತ್ತಾರೆ. ಸೂರಿಗೆ ಹೊದಿಸುವುದು ಪ್ಲಂಬರುಗಳು ಪೈಪಿನ ತಿರುಪಿಗೆ ಸುತ್ತುವ ನಾರನ್ನು! ಹಿತ್ತಲಿನ ತರಕಾರಿ ಪಾತಿಗಳಿಗೂ ಅಷ್ಟೇ ಶ್ರದ್ಧೆ. ಒಂದು ಮನೆಗೆ ತಿಂಗಳುಗಟ್ಟಲೆ, ಕೆಲವಕ್ಕೆ ವರ್ಷಗಟ್ಟಲೆ ಹಿಡಿದದ್ದುಂಟು. ರೈಲು ಹಾದುಹೋಗುತ್ತದೆ, ನಿಜ. ನೋಡುವವರ ಕಣ್ಣು ಮತ್ತೆ ಆ ಹಿತ್ತಲಿಗೇ ಮರಳುತ್ತದೆ.

ಈ ಸಂಗ್ರಹಾಲಯದಲ್ಲಿ ಎಂಜಿನಿಯರ್ ಬ್ರೂನೆಲ್ ಮಾದರಿಯ ಮರದ ಸೇತುವೆಯಿರುವ ಡಾರ್ಟ್‌ಮೂರ್ ದೃಶ್ಯವೂ ಇದೆ, ಜಾನ್ ಅಹರ್ನ್ ಕಟ್ಟಿದ, ಪೂರಾ ಕಲ್ಪನೆಯ ಮ್ಯಾಡರ್ ವ್ಯಾಲಿ ರೈಲ್ವೆಯೂ ಇದೆ.

ಗ್ರೇಟ್ ವೆಸ್ಟರ್ನ್ ಕಂಪನಿ 1948ರ ರಾಷ್ಟ್ರೀಕರಣದೊಂದಿಗೆ ಮುಗಿಯಿತು; ಪೆಂಡನ್ನಿನ ಕೆಲಸ ಮುಗಿಯಲಿಲ್ಲ. ರಾಯ್ ಇಂಗ್ಲೆಂಡ್ 1995ರಲ್ಲಿ ತೀರಿಕೊಂಡಾಗ ಕಣಿವೆಯ ದೃಶ್ಯ ಇನ್ನೂ ಪೂರ್ತಿಯಾಗಿರಲಿಲ್ಲ. ಕೆಲಸವನ್ನು ಸ್ವಯಂಸೇವಕರು ಮುಂದುವರಿಸಿದರು. ಆ ಮನೆಗಳನ್ನು ಆ ಕಾಲದಲ್ಲಿ ಕಣ್ಣಾರೆ ಕಂಡವರು ಈಗ ಸಿಗುವುದೇ ಅಪರೂಪ. ಹಳೇ ಫೋಟೊ, ಬರೆದಿಟ್ಟ ಅಳತೆ ಇವನ್ನು ನೆಚ್ಚಿಕೊಂಡೇ ಮುಂದಿನ ಸೂರು ಹೊದಿಸಬೇಕು.