ಸಂಶೋಧಕರ ಪ್ರಶ್ನೆಯೂ ಗುರುವಿನ ಹೊಣೆಯೂ

ಅಮೆರಿಕ ಸಂಯುಕ್ತ ಸಂಸ್ಥಾನದ ಆರೋಗ್ಯ ಸಚಿವೆಯಾಗಿದ್ದ ಮಾರ್ಗರೆಟ್ ಹೆಕ್ಲರ್ ಅವರು 1985ರಲ್ಲಿ ಪ್ರಕಟಿಸಿದ ವರದಿಯು, ಬಿಳಿಯರ ಮರಣಪ್ರಮಾಣವೇ ಅಲ್ಪಸಂಖ್ಯಾತರಿಗೂ ಇದ್ದಿದ್ದರೆ ಪ್ರತಿವರ್ಷ ಸುಮಾರು 60,000 ಸಾವುಗಳು ಸಂಭವಿಸುತ್ತಲೇ ಇರಲಿಲ್ಲವೆಂಬುದನ್ನು ಅಂಕೆಗಳಿಂದ ತೋರಿಸಿಕೊಟ್ಟಿತು. ಈ ಅಂತರದ ಕಾರಣಗಳನ್ನು ಅರಸುವ ವಿದ್ವಾಂಸರಲ್ಲಿ ಆ ಸಮುದಾಯಗಳಿಂದಲೇ ಬಂದವರು ವಿರಳರೆಂಬುದೂ, ಬಂದವರಿಗೂ ಮಾರ್ಗ ಸುಗಮವಲ್ಲವೆಂಬುದೂ ಕಾಲಕ್ರಮದಲ್ಲಿ ವಿದಿತವಾಯಿತು.

2011ರಲ್ಲಿ ಡೋನಾ ಗಿಂಥರ್ ಮತ್ತು ಸಂಗಡಿಗರು ಅಲ್ಲಿಯ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳಿಗೆ ಬಂದ ಅನುದಾನದ ಅರ್ಜಿಗಳನ್ನು ಪರಿಶೀಲಿಸಿ, ವಿದ್ಯಾರ್ಹತೆ, ತರಬೇತಿ, ಪ್ರಕಟಿತ ಲೇಖನಗಳು ಮೊದಲಾದುವನ್ನು ಗಣನೆಗೆ ತಂದುಕೊಂಡ ಮೇಲೆಯೂ, ಕಪ್ಪುವರ್ಣೀಯರಿಗೆ ಹಣ ದೊರೆಯುವ ಸಂಭವವು ಬಿಳಿಯರಿಗಿಂತ ಶೇಕಡಾ 10 ಅಂಶಗಳಷ್ಟು ಕಡಮೆಯೆಂದು ಕಂಡರು. ಈ ವ್ಯತ್ಯಾಸದ ಐದನೆಯ ಒಂದು ಪಾಲಿಗೂ ಮಿಕ್ಕದ್ದು ವಿಷಯದ ಆಯ್ಕೆಯಿಂದಲೇ ಉಂಟಾದುದೆಂದು 2019ರ ಮತ್ತೊಂದು ಅಧ್ಯಯನ ತಿಳಿಸಿತು. ಏಕೆಂದರೆ ಕಪ್ಪುವರ್ಣೀಯ ಅರ್ಜಿದಾರರು ಹೆಚ್ಚಾಗಿ ಆರಿಸಿಕೊಳ್ಳುತ್ತಿದ್ದ ಸಮುದಾಯದ ಆರೋಗ್ಯ, ಆರೋಗ್ಯದ ಅಸಮಾನತೆ ಮುಂತಾದ ವಿಷಯಗಳಿಗೆ ಅನುದಾನ ಲಭಿಸುವ ಪ್ರಮಾಣವೇ ಅಲ್ಪವಾಗಿತ್ತು.

ಹೀಗಿರುವಲ್ಲಿ ವಿಷಯವನ್ನೇ ಬದಲಿಸೆಂದು ಹಿರಿಯರು ಹೇಳುವುದು ಸುಲಭೋಪಾಯ; ಅದರಿಂದ ಶಿಷ್ಯರ ಬಾಳು ಹಸನಾದೀತು, ಪ್ರಶ್ನೆ ಮಾತ್ರ ಅನಾಥವಾದೀತು. ಆ ಪ್ರಶ್ನೆಯನ್ನು ಆ ಸಮುದಾಯದವರೇ ಕೇಳಬೇಕೆನ್ನುವುದಕ್ಕೂ ಕಾರಣವುಂಟು. ಅಲಬಾಮದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಪೆನಿಸಿಲಿನ್ ಬಂದ ಬಳಿಕವೂ, ಸಿಫಿಲಿಸ್ ಪೀಡಿತ ಕಪ್ಪುಜನರಿಗೆ ಚಿಕಿತ್ಸೆ ನೀಡದೆ ಸರಕಾರದ ವೈದ್ಯರೇ ರೋಗದ ಗತಿಯನ್ನು ನೋಡುತ್ತ ಕುಳಿತ ವೃತ್ತಾಂತವನ್ನು ಬಲ್ಲ ಮನೆಗಳಲ್ಲಿ, ರಕ್ತದ ಮಾದರಿ ಕೇಳಲು ಬಂದವರು ತಮ್ಮವರೋ ಪರಕೀಯರೋ ಎಂಬುದು ಅಲ್ಪಸಂಗತಿಯಲ್ಲ. ಮಿಸಿಸಿಪ್ಪಿಯ ಜ್ಯಾಕ್ಸನ್ ನಗರದಲ್ಲಿ 2000ದಿಂದ 5,300ಕ್ಕೂ ಹೆಚ್ಚು ಆಫ್ರಿಕನ್ ಅಮೆರಿಕನ್ನರನ್ನು ಸೇರಿಸಿಕೊಂಡು ನಡೆದ ಹೃದಯಾಧ್ಯಯನವು, ಟೂಗಲೂ ಕಾಲೇಜಿನ ವಿದ್ಯಾರ್ಥಿಗಳನ್ನು ಇಂಥ ಸಂಶೋಧನೆಗೆ ತರಬೇತುಗೊಳಿಸುವುದನ್ನೂ ತನ್ನ ಕಾರ್ಯದ ಅಂಗವಾಗಿ ಮಾಡಿಕೊಂಡಿತು.

ಮಾರ್ಗದರ್ಶನದ ನಿಜವಾದ ಕ್ಷೇತ್ರ ಅರ್ಜಿಯ ಮೊದಲ ಪುಟ. ‘ನಮ್ಮ ಬಡಾವಣೆಯವರಿಗೆ ರಕ್ತದೊತ್ತಡ ಹೆಚ್ಚು’ ಎಂದು ಕಿರಿಯಳು ಬರೆದಲ್ಲಿ, ಎಷ್ಟು ಮಂದಿಯನ್ನು ಅಳೆದೆ, ಯಾರೊಡನೆ ಹೋಲಿಸಿದೆ, ಕಾರಣ ಉಪ್ಪೋ, ಬಾಡಿಗೆಯ ಚಿಂತೆಯೋ, ಔಷಧದಂಗಡಿಯ ದೂರವೋ ಎಂಬುದನ್ನು ಹೇಗೆ ಬೇರ್ಪಡಿಸುವೆ ಎಂದು ಹಿರಿಯಳು ಅಂಚಿನಲ್ಲಿ ಗುರುತು ಹಾಕುತ್ತಾಳೆ. ತಿರಸ್ಕೃತವಾಗಿ ಮರಳಿದ ಅರ್ಜಿಯನ್ನು ಜೊತೆಯಲ್ಲಿ ಕುಳಿತು ಓದಿ, ಪರೀಕ್ಷಕರ ಆಕ್ಷೇಪಗಳಲ್ಲಿ ಯುಕ್ತವಾದುದಾವುದು, ಬರಿಯ ಅನಾದರವಾವುದು ಎಂದು ವಿಂಗಡಿಸುತ್ತಾಳೆ. ಇಂತಹ ಹಿರಿಯರನ್ನು ಕಿರಿಯರೊಡನೆ ಕೂಡಿಸಲೆಂದು ಆ ರಾಷ್ಟ್ರೀಯ ಸಂಸ್ಥೆಗಳೇ 2014ರಲ್ಲಿ ಮಾರ್ಗದರ್ಶನ ಜಾಲವೊಂದನ್ನು ಹಣವಿತ್ತು ಆರಂಭಿಸಿದುವು. ಆದರೆ ಗುರು ತಿದ್ದಬಲ್ಲದ್ದು ಅರ್ಜಿಯನ್ನು. ಯಾವ ಪ್ರಶ್ನೆ ಹಿರಿದು, ಯಾವುದು ಕಿರಿದು ಎಂದೆಣಿಸುವ ಪರೀಕ್ಷಕಮಂಡಲಿಯ ತೂಕವನ್ನು ತಿದ್ದುವ ಹೊಣೆ ಹಣ ಕೊಡುವವರದೇ.