ಸ್ಪರ್ಶ ಪರದೆಯೂ ಲೆಕ್ಕದ ಮೇಜೂ

ಮೈಕ್ರೋಸಾಫ್ಟ್ ಸಂಸ್ಥೆಯು 2012ರ ಅಕ್ಟೋಬರ್ 26ರಂದು ಬಿಡುಗಡೆ ಮಾಡಿದ ವಿಂಡೋಸ್ 8ರಲ್ಲಿ, ಪರದೆಯ ಮೂಲೆಯಲ್ಲಿದ್ದ ಸ್ಟಾರ್ಟ್ ಗುಂಡಿಯೇ ಇರಲಿಲ್ಲ. ಬೆರಳಿನಿಂದ ಒತ್ತಲು ಅನುಕೂಲವಾದ ಬಣ್ಣದ ಚೌಕಗಳು ಪರದೆಯನ್ನು ತುಂಬಿದ್ದವು. ಸ್ಪರ್ಶ ಸೌಲಭ್ಯವಿಲ್ಲದ ಮಾನಿಟರ್ ಹೊಂದಿದ್ದವರು ಗಣಕಯಂತ್ರವನ್ನು ಮುಚ್ಚುವುದು ಹೇಗೆಂದು ಹುಡುಕಬೇಕಾಯಿತು.

ಆಗ ಎದ್ದ ಅಸಮಾಧಾನವನ್ನು ಹಳೆಯ ರೂಢಿಯ ಹಠವೆಂದು ತಳ್ಳಿಹಾಕಲಾಗದು. ನಮ್ಮ ಬೆಂಗಳೂರಿನದೇ ಆದ ಟ್ಯಾಲಿಯಲ್ಲಿ ಎಫ್5 ಒತ್ತಿದರೆ ಪಾವತಿ ವೋಚರು, ಎಫ್8 ಒತ್ತಿದರೆ ಮಾರಾಟದ ವೋಚರು. ಗುಮಾಸ್ತರ ವೇಗವಿರುವುದು ಕೀಲಿಮಣೆಯಲ್ಲಿ. ವೋಚರಿಗೊಮ್ಮೆ ಕೈಯೆತ್ತಿ ಪರದೆ ಮುಟ್ಟುತ್ತಿದ್ದರೆ ಸಂಜೆಯೊಳಗೆ ದಿನವಹಿ ಮುಗಿಯದು. ಹೊಸ ಪರವಾನಗಿಯ ಬೆಲೆ ಬಿಲ್ಲಿನಲ್ಲಿ ಕಾಣುತ್ತದೆ. ಸಿಬ್ಬಂದಿ ಮರಳಿ ಕಲಿಯಲು ವ್ಯಯಿಸುವ ವೇಳೆಯ ಬೆಲೆ ಯಾವ ಖಾತೆಯಲ್ಲಿಯೂ ಕಾಣದು.

2013ರ 8.1 ಆವೃತ್ತಿಯಲ್ಲಿ ಗುಂಡಿ ಮರಳಿತಾದರೂ ಒತ್ತಿದರೆ ತೆರೆಯುತ್ತಿದ್ದುದು ಅದೇ ಚೌಕಗಳ ಪರದೆ! ಸ್ಟಾರ್ಟ್ ಪಟ್ಟಿ ಮತ್ತೆ ದೊರೆತದ್ದು 2015ರ ವಿಂಡೋಸ್ 10ರಲ್ಲಿ. ಅಲ್ಲಿಯವರೆಗೆ ವಿಂಡೋಸ್ 7ರಲ್ಲಿಯೇ ಉಳಿದ ವರ್ತಕರ ನಿರ್ಧಾರ ವಿವೇಕದ್ದೇ ಆಗಿತ್ತು.

ಆದರೆ ಕಾಯುವುದಕ್ಕೂ ಗಡುವುಂಟು. ವಿಂಡೋಸ್ 7ರ ಸಾಮಾನ್ಯ ಬೆಂಬಲವು 2020ರ ಜನವರಿ 14ರಂದು, ವಿಂಡೋಸ್ 10ರದು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ಸುರಕ್ಷತಾ ಪರಿಷ್ಕರಣೆ ನಿಂತ ಯಂತ್ರದಲ್ಲಿ ಬ್ಯಾಂಕ್ ವ್ಯವಹಾರ ನಡೆಸುವುದು ಅಪಾಯಕರ. ವರ್ತಕ ಬಾಂಧವರು ಬದಲಾವಣೆಯನ್ನು ಮಾರ್ಚ್ ತಿಂಗಳಿಗೆ ಇಟ್ಟುಕೊಳ್ಳದೆ, ಮೊದಲು ಒಂದೇ ಯಂತ್ರದಲ್ಲಿ ಹೊಸ ವ್ಯವಸ್ಥೆಯನ್ನು ಅಳವಡಿಸಿ, ಪ್ರಿಂಟರ್ ಹಾಗೂ ಡಿಜಿಟಲ್ ಸಹಿಯ ಟೋಕನ್ ಸರಿಯಾಗಿ ನಡೆಯುವುವೇ ಎಂದು ಪರೀಕ್ಷಿಸತಕ್ಕದ್ದು.